ಪಂಚೆಯ ಮೇಲೆ ಪೇಪರು

ಪ್ರೊಜೆಕ್ಟರಿನ ಮುಖವನ್ನು ಎಲ್ಲರೂ ನೋಡುತ್ತಾರೆ. ಅದರ ಬೆನ್ನು ನೋಡುವವರು ಕಡಿಮೆ. ನಮ್ಮ ಮನೆಯ ಪ್ರೊಜೆಕ್ಟರಿನ ಬೆನ್ನಿನಲ್ಲಿ ಕರೆಂಟಿನ ತೂತು ಬಿಟ್ಟು ಇನ್ನೂ ಐದು ತೂತುಗಳಿವೆ. ದುಂಡಗಿನ ಹಳದಿ ತೂತು ಎಲ್ಲಕ್ಕಿಂತ ಹಿರಿಯದು, ವಿಸಿಆರ್ ಕಾಲದ್ದು. ಅದರ ಪಕ್ಕದಲ್ಲಿ ಹದಿನೈದು ಪಿನ್ನಿನ ನೀಲಿ ವಿಜಿಎ, 1987ರಲ್ಲಿ ಐಬಿಎಂ ಕಂಪ್ಯೂಟರುಗಳೊಂದಿಗೆ ಹುಟ್ಟಿದ್ದು. ಆಮೇಲೆ ತೆಳ್ಳಗಿನ ಎಚ್‌ಡಿಎಂಐ. ಇದರ ಮೊದಲ ಆವೃತ್ತಿ ಬಂದಿದ್ದು 2002ರ ಕೊನೆಯಲ್ಲಿ. ಹತ್ತೊಂಬತ್ತು ಪಿನ್ನು, ಚಿತ್ರ ಮತ್ತು ಸದ್ದು ಎರಡನ್ನೂ ಒಂದೇ ತಂತಿಯಲ್ಲಿ ಸಾಗಿಸುತ್ತದೆ. ಉಳಿದಂತೆ ಸ್ಪೀಕರಿಗೆ ಒಂದು, ರಿಪೇರಿಯವರಿಗೆಂದು ಬಿಟ್ಟ ಯುಎಸ್‌ಬಿ ಒಂದು. ಹಳೆಯ ಅವಿಭಕ್ತ ಕುಟುಂಬದ ಊಟದ ಪಂಕ್ತಿಯ ಹಾಗೆ ಎಲ್ಲ ತಲೆಮಾರೂ ಸಾಲಾಗಿ ಕೂತಿವೆ. ಎಲೆ ಎಲ್ಲರಿಗೂ ಹಾಕಿದ್ದಾರೆ, ಈಗ ಬಡಿಸುವುದು ಮಾತ್ರ ಒಬ್ಬರಿಗೆ.

ಹಾಸನದಲ್ಲಿ ಮುಚ್ಚಿಹೋದ ಒಂದು ಟ್ಯೂಷನ್ ಸೆಂಟರಿನವರು ಬೆಂಚು, ಬೋರ್ಡು, ಫ್ಯಾನುಗಳ ಜೊತೆ ಇದನ್ನೂ ಮಾರಾಟಕ್ಕಿಟ್ಟಿದ್ದರು. ಅಕ್ಕನ ಮಗ ಪುಟ್ಟ ಬೇಸಿಗೆ ರಜೆಗೆ ಅಜ್ಜಿಮನೆಗೆ ಬರುವವನಿದ್ದ. ಒಂದೂವರೆ ತಿಂಗಳು ಅವನು ಫೋನಿನೊಳಗೆ ತಲೆ ತೂರಿಸಿಕೊಂಡು ಕೂರುವುದನ್ನು ತಪ್ಪಿಸಬೇಕಿತ್ತು. ಕಡಿಮೆ ಬೆಲೆಗೆ ಸಿಕ್ಕಿತು, ತಂದೆ. ಅಣ್ಣ ಅದನ್ನು ನೋಡಿ, "ಸ್ಕೂಲು ಬಿಟ್ಟು ಇಪ್ಪತ್ತು ವರ್ಷ ಆಯ್ತು, ಈಗ ಸ್ಕೂಲನ್ನೇ ಮನೆಗೆ ತಂದ್ಯೇನೋ" ಅಂದರು.

ಅಣ್ಣ ಅಂದರೆ ನಮ್ಮ ಅಪ್ಪ. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಅಂತಲೇ ಕರೆಯುವ ರೂಢಿ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಮೂರು ವರ್ಷದ ಹಿಂದೆ ಅವರ ಎಡಗಣ್ಣಿನ ಮ್ಯಾಕ್ಯುಲಾ ಕೆಟ್ಟಿತು. ಮ್ಯಾಕ್ಯುಲಾ ಎಂದರೆ ಕಣ್ಣಿನ ಪರದೆಯ ನಟ್ಟನಡುವಿನ ಸಣ್ಣ ಜಾಗ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲ ನಾಜೂಕು ಕೆಲಸವೂ ಅದರದ್ದೇ. ಅದು ಹೋದರೆ ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕಾದ್ದು ಮಾತ್ರ ಕಾಣುವುದಿಲ್ಲ. ಅಣ್ಣ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ನಾನು ಎಲ್ಲಿ ನೋಡ್ತೀನೋ ಅಲ್ಲೇ ಯಾರೋ ಒಂದು ರೂಪಾಯಿ ನಾಣ್ಯ ಇಡ್ತಾರೆ."

ಬಲಗಣ್ಣು ಚೆನ್ನಾಗಿತ್ತು. ಡಾಕ್ಟರು ಅಂಗೈಯಗಲದ ಒಂದು ಕಾರ್ಡು ಕೊಟ್ಟಿದ್ದರು. ಗ್ರಾಫ್ ಹಾಳೆಯ ಹಾಗೆ ಚೌಕುಳಿ, ನಡುವೆ ಒಂದು ಚುಕ್ಕೆ. ಅದಕ್ಕೆ ಆಮ್ಸ್ಲರ್ ಗ್ರಿಡ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಕಣ್ಣಿನ ಡಾಕ್ಟರೊಬ್ಬರ ಹೆಸರು ಅದು. ದಿನಾ ಒಂದು ಕಣ್ಣು ಮುಚ್ಚಿ ಆ ಚುಕ್ಕೆಯನ್ನು ನೋಡಬೇಕು. ಗೆರೆಗಳು ನೇರವಾಗಿದ್ದರೆ ಸರಿ. ಬಗ್ಗಿದ ಹಾಗೆ, ಅಲೆಯಾದ ಹಾಗೆ ಕಂಡರೆ ತಡಮಾಡದೆ ಬರಬೇಕು, ಒಂದು ವಾರವೂ ಕಾಯಬಾರದು ಎಂದು ಹೇಳಿ ಕಳಿಸಿದ್ದರು. ಅಣ್ಣ ಆ ಕಾರ್ಡನ್ನು ಪಂಚಾಂಗದ ನಡುವೆ ಇಟ್ಟರು. ಅಮ್ಮ ಬೆಳಿಗ್ಗೆ ಕಾಫಿ ಕೊಡುವಾಗ "ಚೌಕ ನೋಡಿದ್ರಾ?" ಎಂದು ಕೇಳುವುದು, ಅಣ್ಣ "ಹೂಂ" ಎನ್ನುವುದು, ದಿನಚರಿಯಾಯಿತು.

ಪುಟ್ಟ ಬಂದ. ಅವನ ಬ್ಯಾಗಿನಿಂದ ಬಟ್ಟೆಗಿಂತ ಮೊದಲು ಹೊರಬಂದಿದ್ದು ಗೇಮ್ ಕನ್ಸೋಲು. ಮೂರು ಸಾಧನಗಳಲ್ಲಿ ಜೋಡಿಸಲು ಸುಲಭವಾದದ್ದು ಇದೇ. ಎಚ್‌ಡಿಎಂಐ ತಂತಿಯ ಒಂದು ತುದಿ ಅಲ್ಲಿ, ಇನ್ನೊಂದು ತುದಿ ಇಲ್ಲಿ. ತಂತಿ ಸಿಕ್ಕಿಸಿದ ಕೂಡಲೇ ಎರಡೂ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ನನಗೆ ಇಷ್ಟು ಅಗಲ, ಇಷ್ಟು ಎತ್ತರದ ಚಿತ್ರ ತೋರಿಸಲು ಬರುತ್ತದೆ ಎಂದು ಪ್ರೊಜೆಕ್ಟರು ಹೇಳುತ್ತದೆ. ಕನ್ಸೋಲು ಅದಕ್ಕೆ ತಕ್ಕಂತೆ ಚಿತ್ರ ಕಳಿಸುತ್ತದೆ. ಹೆಣ್ಣು ನೋಡಲು ಬಂದವರ ಹಾಗೆ ಮೊದಲು ಕುಲಗೋತ್ರ ವಿಚಾರಣೆ, ಆಮೇಲೆ ಸಂಬಂಧ. ಕೆಲವೊಮ್ಮೆ ಈ ಮಾತುಕತೆ ಕೂಡಿಬರುವುದಿಲ್ಲ, ಗೋಡೆಯ ಮೇಲೆ "ನೋ ಸಿಗ್ನಲ್" ಎಂದು ಬರುತ್ತದೆ. ಆಗ ಎರಡನ್ನೂ ಆರಿಸಿ, ಮೊದಲು ಪ್ರೊಜೆಕ್ಟರು, ಅದು ಪೂರ್ತಿ ಎದ್ದ ಮೇಲೆ ಕನ್ಸೋಲು, ಈ ಕ್ರಮದಲ್ಲಿ ಹಾಕಿದರೆ ಬಹಳ ಸಲ ಸರಿಹೋಗುತ್ತದೆ.

ಪುಟ್ಟನಿಗೆ ಬೇರೆಯೇ ತಕರಾರಿತ್ತು. ಬಟನ್ ಒತ್ತಿದ ಮೇಲೆ ಗೋಡೆಯ ಮೇಲಿನ ಕಾರು ತಿರುಗುವುದು ಒಂಚೂರು ತಡ. ಟ್ಯೂಷನ್ ಸೆಂಟರಿನಲ್ಲಿ ತ್ರಿಕೋನಮಿತಿ ತೋರಿಸುತ್ತಿದ್ದ ಯಂತ್ರಕ್ಕೆ ಈ ಅವಸರವೆಲ್ಲ ಗೊತ್ತಿಲ್ಲ. ಚಿತ್ರವನ್ನು ಚೆಂದ ಮಾಡಲು ಪ್ರೊಜೆಕ್ಟರು ಒಳಗೊಳಗೇ ಲೆಕ್ಕ ಹಾಕುತ್ತದೆ, ಆ ಲೆಕ್ಕಕ್ಕೆ ಹೊತ್ತು ಹಿಡಿಯುತ್ತದೆ. ಮೆನುವಿನಲ್ಲಿ ಗೇಮ್ ಮೋಡ್ ಇದ್ದರೆ ಆ ಲೆಕ್ಕ ಕಡಿಮೆಯಾಗುತ್ತದೆ. ನಮ್ಮದರಲ್ಲಿ ಇರಲಿಲ್ಲ. ಪುಟ್ಟನೇ ಬೇಡದ ಅಲಂಕಾರಗಳನ್ನೆಲ್ಲ ಒಂದೊಂದಾಗಿ ಆರಿಸಿ ತನಗೆ ಬೇಕಾದಷ್ಟು ವೇಗ ತಂದುಕೊಂಡ. ಸದ್ದಿಗೆ ಬ್ಲೂಟೂತ್ ಸ್ಪೀಕರ್ ಬೇಡವೆಂದವನೂ ಅವನೇ. ಅದರಲ್ಲಿ ಕಾರು ಗುದ್ದಿದ ಮೇಲೆ ಗುದ್ದಿದ ಸದ್ದು ಬರುತ್ತದೆ. ಅಟ್ಟದ ಮೇಲಿದ್ದ ಹಳೆಯ ಟೇಪ್‌ರೆಕಾರ್ಡರಿನ ಕಾಲದ ಸ್ಪೀಕರಿಗೆ ತಂತಿ ಎಳೆದೆವು. ಮನೆ ಸಂತೆಯಾಯಿತು. ಅಣ್ಣ ಬಾಗಿಲ ಹತ್ತಿರದ ಬೆತ್ತದ ಕುರ್ಚಿಯಲ್ಲಿ ಗೋಡೆಗೆ ಬೆನ್ನು ಹಾಕಿ ಕೂತರು.

ಎರಡನೆಯದು ಅಮ್ಮನ ಫೋನು. "ನಿನ್ನ ಮಕ್ಕಳಾಟ ಆದ್ಮೇಲೆ ನಂದೂ ಒಂದಿಷ್ಟು ತೋರಿಸೋ, ತಮ್ಮನ ಮನೆ ಗೃಹಪ್ರವೇಶದ ಫೋಟೋ ಇದಾವೆ" ಅಂದಳು. ಫೋನಿನ ತಳದಲ್ಲಿರುವುದು ಯುಎಸ್‌ಬಿ-ಸಿ ತೂತು, ಇಪ್ಪತ್ನಾಲ್ಕು ಪಿನ್ನಿನದು. ಹೊರಗಿನಿಂದ ನೋಡಿದರೆ ದುಬಾರಿ ಫೋನಿಗೂ ಅಗ್ಗದ ಫೋನಿಗೂ ಒಂದೇ ತೂತು. ಒಳಗಿನ ವಿದ್ಯೆ ಬೇರೆ. ಕೆಲವು ಫೋನುಗಳು ಆ ತೂತಿನಿಂದ ಚಿತ್ರವನ್ನೂ ಹೊರಗೆ ಕಳಿಸಬಲ್ಲವು. ಅನೇಕವು ಚಾರ್ಜು ಕುಡಿದು ಫೈಲು ಕೊಡುವುದಕ್ಕಷ್ಟೇ ಸೈ. ಬಸ್ ಸ್ಟ್ಯಾಂಡ್ ರಸ್ತೆಯ ಮೊಬೈಲ್ ಅಂಗಡಿಯ ಹುಡುಗ ತಂತಿ ಮಾರುವ ಮೊದಲೇ ಅಮ್ಮನ ಫೋನನ್ನು ತನ್ನ ಟೀವಿಗೆ ಸಿಕ್ಕಿಸಿ ನೋಡಿ, "ಇದ್ರಿಂದ ಚಿತ್ರ ಹೊರಗೆ ಬರಲ್ಲ ಸಾರ್, ಸುಮ್ನೆ ದುಡ್ಡು ಹಾಕ್ಬೇಡಿ" ಎಂದು ಬೆರಳುದ್ದದ ಒಂದು ಕಡ್ಡಿ ಕೊಟ್ಟ. ಅದನ್ನು ಪ್ರೊಜೆಕ್ಟರಿನ ಎಚ್‌ಡಿಎಂಐಗೆ ಚುಚ್ಚಿ, ಅದರ ಬಾಲವನ್ನು ಫೋನ್ ಚಾರ್ಜರಿಗೆ ಸಿಕ್ಕಿಸಿದರೆ, ಫೋನಿನ ಪರದೆ ಗಾಳಿಯಲ್ಲೇ ಹಾಯ್ದು ಗೋಡೆಗೆ ಬರುತ್ತದೆ. ಮಿರಾಕಾಸ್ಟ್ ಎಂಬ ಈ ಪದ್ಧತಿ 2012ರಿಂದ ಇದೆ. ಮನೆಯಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ, ಎರಡು ಯಂತ್ರಗಳು ನೇರವಾಗಿ ಮಾತಾಡಿಕೊಳ್ಳುತ್ತವೆ. ಎಲ್ಲ ಫೋನಿನಲ್ಲೂ ಇರುವುದಿಲ್ಲ, ಅಮ್ಮನದರಲ್ಲಿತ್ತು.

ಫೋಟೋ ಬಂದವು. ಫೋನನ್ನು ನೆಟ್ಟಗೆ ಹಿಡಿದರೆ ಗೋಡೆಯ ನಡುವೆ ಕಂಬದ ಹಾಗೆ ತೆಳ್ಳನೆ ಚಿತ್ರ, ಅಡ್ಡ ಹಿಡಿದರೆ ಗೋಡೆ ತುಂಬ. ಗೃಹಪ್ರವೇಶದ ಹಸು ಹೊಸ ಮನೆಯ ಗ್ರಾನೈಟಿನ ಮೇಲೆ ಜಾರುತ್ತಾ ನಿಂತಿದ್ದನ್ನು ನೋಡಿ ಎಲ್ಲರೂ ನಗುತ್ತಿದ್ದಾಗ, ಆ ಹಸುವಿನ ತಲೆಯ ಮೇಲೆ ವಾಟ್ಸ್ಯಾಪ್ ಮೆಸೇಜೊಂದು ಇಳಿಯಿತು. ಚಿಕ್ಕಮ್ಮ ತನ್ನ ಸೊಸೆಯ ಬಗ್ಗೆ ಬರೆದ ಎರಡು ಸಾಲು, ಒಂದೊಂದು ಅಕ್ಷರ ಅಂಗೈಯಗಲ. ಅಮ್ಮ ಎದ್ದು ಸೆರಗನ್ನು ಅಡ್ಡ ಹಿಡಿದಳು. ಆ ಎರಡು ಸಾಲು ಅಮ್ಮನ ಸೆರಗಿನ ಮೇಲೇ ಬಂದು ಕೂತವು. ಆವತ್ತಿನಿಂದ ನಮ್ಮ ಮನೆಯ ನಿಯಮ: ಗೋಡೆಗೆ ಫೋನು ಹಾಕುವ ಮೊದಲು ನೋಟಿಫಿಕೇಶನ್ ಬಂದ್. ಅಮ್ಮನ ಧಾರಾವಾಹಿಯದ್ದು ಇನ್ನೊಂದು ತಮಾಷೆ. ಮಾತು ಕೇಳುತ್ತದೆ, ಗೋಡೆ ಕಪ್ಪು. ಕದ್ದು ರೆಕಾರ್ಡ್ ಮಾಡಿಕೊಳ್ಳದಿರಲಿ ಎಂದು ಚಿತ್ರಕ್ಕೆ ಬೀಗ ಹಾಕಿರುತ್ತಾರೆ. ದಾರಿಯಲ್ಲಿರುವ ಪ್ರತಿಯೊಂದು ಸಾಧನವೂ ಆ ಬೀಗದ ಕೀ ಇಟ್ಟುಕೊಂಡಿರಬೇಕು. ಒಂದರಲ್ಲಿ ಇಲ್ಲದಿದ್ದರೂ ಕತ್ತಲೆ. "ಹೋಗ್ಲಿ ಬಿಡು, ಅವರ ಮಾತು ಕೇಳಿದ್ರೆ ಮುಖ ಹೇಗಿರತ್ತೆ ಅಂತ ಗೊತ್ತಾಗತ್ತೆ" ಅಂದಳು ಅಮ್ಮ.

ಆ ದಿನ ಅಣ್ಣ ಮೊದಲ ಸಲ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. ಹಸುವಿನ ಫೋಟೋಕ್ಕೆ ತಿರುಗಿಸಿದ್ದು ಅಂದುಕೊಂಡೆವು. ಎಲ್ಲ ಮುಗಿದ ಮೇಲೆ ಮೆಲ್ಲಗೆ, "ಆ ಚಿಕ್ಕಮ್ಮನ ಮೆಸೇಜು ಓದೋಕಾಯ್ತು ಕಣೋ" ಅಂದರು.

ನಾನು ಬೆಂಗಳೂರಿನಿಂದ ಬಂದಾಗಲೆಲ್ಲ ಪೇಪರು ಅವರ ತೊಡೆಯ ಮೇಲೆ ಬಿಚ್ಚಿಕೊಂಡೇ ಇರುತ್ತಿತ್ತು. ಓದುತ್ತಿದ್ದಾರೋ ಹಿಡಿದುಕೊಂಡಿದ್ದಾರೋ ಹೇಳುವುದು ಕಷ್ಟ. ದೊಡ್ಡ ತಲೆಬರಹಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಕೆಳಗಿನದನ್ನು "ನೀನೇ ನೋಡು" ಎಂದು ಕೊಡುತ್ತಿದ್ದರು. ಕೇಳಿದರೆ ಹೇಳಿದ್ದಿಷ್ಟು: ಅಕ್ಷರ ಕಾಣುತ್ತದೆ, ಒತ್ತಕ್ಷರ ಕಾಣುವುದಿಲ್ಲ. "ಅಕ್ಕ" ಇದ್ದದ್ದು "ಅಕ". "ಹತ್ತು" ಇದ್ದದ್ದು "ಹತು". ಕನ್ನಡದ ಅರ್ಧ ಜೀವ ಸಾಲಿನ ಕೆಳಗೆ ನೇತಾಡುತ್ತಿರುತ್ತದೆ. ಇಂಗ್ಲಿಷು ಓದುವವನಿಗಿಂತ ಕನ್ನಡ ಓದುವವನಿಗೆ ಸಣ್ಣ ಅಕ್ಷರ ಮೊದಲೇ ಕೈಕೊಡುತ್ತದೆ ಎಂದು ಅವರ ವಾದ.

ಹಾಗೆ ಮೂರನೆಯ ಸಾಧನ, ನನ್ನ ಲ್ಯಾಪ್‌ಟಾಪು, ಗೋಡೆಗೆ ಬಂತು. ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿದರೆ ನಾಲ್ಕು ಆಯ್ಕೆ: ಲ್ಯಾಪ್‌ಟಾಪಿನಲ್ಲಿ ಮಾತ್ರ, ಎರಡರಲ್ಲೂ ಒಂದೇ, ಎರಡನ್ನೂ ಸೇರಿಸಿ ಒಂದು ದೊಡ್ಡ ಪರದೆ, ಗೋಡೆಯಲ್ಲಿ ಮಾತ್ರ. ಎರಡರಲ್ಲೂ ಒಂದೇ ಇಟ್ಟೆ. ಅದೇ ಕೀಲಿಯ ಜೊತೆ ಕೂಡಿಸುವ ಚಿಹ್ನೆ ಒತ್ತಿದರೆ ಭೂತಗನ್ನಡಿ ತೆರೆಯುತ್ತದೆ, ಒತ್ತಿದಷ್ಟೂ ಅಕ್ಷರ ದೊಡ್ಡದು. ಕಂಟ್ರೋಲ್, ಆಲ್ಟ್, ಐ ಮೂರನ್ನೂ ಒಟ್ಟಿಗೆ ಒತ್ತಿದರೆ ಬಣ್ಣ ತಿರುಗಿ ಕಪ್ಪಿನ ಮೇಲೆ ಬಿಳಿ ಅಕ್ಷರ. ಅಣ್ಣನಿಗೆ ಅದು ಹಿಡಿಸಿತು, ಕರಿಹಲಗೆಯ ಹಾಗೆ. ಇ-ಪೇಪರಿನ ಪುಟವನ್ನು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ, ಏಕೆಂದರೆ ಬಹಳ ಕಡೆ ಅದು ಪುಟದ ಫೋಟೋ. ಅದೇ ಸುದ್ದಿ ವೆಬ್‌ಸೈಟಿನಲ್ಲಿ ಅಕ್ಷರವಾಗಿಯೇ ಇರುತ್ತದೆ. ಅಲ್ಲಿ ಬ್ರೌಸರಿನಲ್ಲೇ ದೊಡ್ಡದು ಮಾಡಿದರೆ ಪ್ರತಿ ಸಲವೂ ಹೊಸದಾಗಿ ಬರೆದುಕೊಳ್ಳುತ್ತದೆ, ಎಷ್ಟು ದೊಡ್ಡದಾದರೂ ಒತ್ತು ಚೂಪಾಗಿಯೇ ಇರುತ್ತದೆ.

ಒಂದು ತೊಡಕು. ಅಣ್ಣನಿಗೆ ಹತ್ತಿರ ಹೋಗಿಯೇ ಓದಬೇಕು. ಹತ್ತಿರ ಹೋದರೆ ಅವರ ತಲೆಯ ನೆರಳು ಓದಬೇಕಾದ ಸಾಲಿನ ಮೇಲೆಯೇ ಬೀಳುತ್ತದೆ. ಪಕ್ಕಕ್ಕೆ ಸರಿದರೆ ಭುಜದ ನೆರಳು. ಕಣ್ಣೊಳಗೆ ಒಂದು ನೆರಳು ಮೊದಲೇ ಇದ್ದವರಿಗೆ ಹೊರಗಡೆಯೂ ಒಂದು. ಎರಡು ದಿನ ಬಗ್ಗಿ, ಓರೆಯಾಗಿ, ಕುಕ್ಕರಗಾಲಲ್ಲಿ ಪ್ರಯತ್ನಿಸಿ, "ಪೇಪರು ಓದೋಕೆ ಇಷ್ಟು ಯೋಗಾಸನ ಬೇಕಾದ್ರೆ ಬೇಡ" ಎಂದು ಕುರ್ಚಿಗೆ ಮರಳಿದರು.

ದಾರಿ ತೋರಿಸಿದ್ದು ಅಮ್ಮ. ಅವಳು ಚಿಕ್ಕವಳಿದ್ದಾಗ ಊರಿಗೆ ತೊಗಲುಗೊಂಬೆಯವರು ಬರುತ್ತಿದ್ದರಂತೆ. ದೀಪ, ಗೊಂಬೆ, ಆಡಿಸುವವರು ಎಲ್ಲ ಪರದೆಯ ಹಿಂದೆ. ಮುಂದೆ ಕೂತವರು ಪರದೆಗೆ ಮೂಗು ತಾಗಿಸಿ ನೋಡಿದರೂ ನೆರಳು ಬೀಳುವುದಿಲ್ಲ. "ನಿನ್ನ ಮಿಷಿನ್ನೂ ಹಿಂದೆ ಇಡಕ್ಕಾಗಲ್ವಾ?" ಅಂದಳು. ಆಗುತ್ತದೆ. ಮೆನುವಿನಲ್ಲಿ ರಿಯರ್ ಎಂಬ ಆಯ್ಕೆಯೇ ಇದೆ. ಅದನ್ನು ಒತ್ತಿದರೆ ಚಿತ್ರ ಎಡಬಲ ಅದಲುಬದಲಾಗುತ್ತದೆ, ಬಟ್ಟೆಯ ಆಚೆ ಬದಿಯಿಂದ ನೋಡುವವರಿಗೆ ಅಕ್ಷರ ಸರಿಯಾಗಿ ಕಾಣುತ್ತದೆ.

ನಮ್ಮ ಹಾಲಿಗೂ ಊಟದ ಮನೆಗೂ ನಡುವೆ ಬಾಗಿಲಿಲ್ಲದ ಕಮಾನಿದೆ, ಐದಡಿ ಅಗಲ. ಅಮ್ಮ ಅಣ್ಣನ ಎಂಟು ಮೊಳದ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಅಲ್ಲಿ ಕಟ್ಟಿದಳು. ಒಂದೇ ಪದರವಾದರೆ ಬಟ್ಟೆಯ ಹಿಂದಿನ ಲೆನ್ಸಿನ ಬೆಳಕು ನೇರವಾಗಿ ಕಣ್ಣಿಗೆ ಹೊಡೆಯುತ್ತದೆ. ಎರಡು ಪದರ ಅದನ್ನು ಹರಡುತ್ತದೆ. ಅದೂ ಸಾಲದೆಂದು ಪ್ರೊಜೆಕ್ಟರನ್ನು ಊಟದ ಮನೆಯ ಬೀರುವಿನ ಮೇಲೇರಿಸಿ, ಮೇಲಿನಿಂದ ಕೆಳಗೆ ಬೀಳುವ ಹಾಗೆ ವಾಲಿಸಿದೆವು. ಹೀಗೆ ವಾಲಿಸಿದರೆ ಚಿತ್ರ ಚೌಕವಾಗಿ ಉಳಿಯುವುದಿಲ್ಲ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಅದನ್ನು ತಿದ್ದುವುದಕ್ಕೆ ಕೀಸ್ಟೋನ್ ಎನ್ನುತ್ತಾರೆ. ಆ ಮೆನು ತೆರೆದರೆ ಪ್ರೊಜೆಕ್ಟರು ತಾನೇ ಒಂದು ಚೌಕುಳಿ ಚಿತ್ರ ಬಿಡುತ್ತದೆ. ಅಡ್ಡಗೆರೆ, ಉದ್ದಗೆರೆ, ಪಂಚೆ ತುಂಬ.

ನಾನು ಊಟದ ಮನೆಯಲ್ಲಿ ರಿಮೋಟು ಹಿಡಿದಿದ್ದೆ. ಪುಟ್ಟ ಹಾಲಿನಲ್ಲಿ ನಿಂತು "ಇನ್ನೊಂಚೂರು ಮಾಮ, ಇನ್ನೊಂಚೂರು, ಆ, ಸಾಕು" ಎನ್ನುತ್ತಿದ್ದ. ಅಣ್ಣ ಅವನ ಪಕ್ಕದಲ್ಲಿದ್ದರು.

"ಸರಿಯಾಗಿಲ್ಲವಲ್ಲೋ. ನಡುವಿನ ಗೆರೆಗಳು ಸೊಟ್ಟಗಿವೆ."

"ನೇರ ಇದೆ ತಾತ."

"ಎಲ್ಲಿ ನೇರ? ಇಲ್ಲಿ ನೋಡು, ಹಳ್ಳ ಬಿದ್ದ ಹಾಗೆ ಬಗ್ಗಿದೆ."

ಪುಟ್ಟ ಓಡಿಹೋಗಿ ಬಾಗಿಲ ಹಿಂದಿದ್ದ ತಾತನ ಹಳೆಯ ಮರದ ಸ್ಕೇಲು ತಂದ. ಒಂದು ಮೀಟರಿನದ್ದು, ಬೋರ್ಡಿನ ಮೇಲೆ ಗೆರೆ ಎಳೆಯಲು ಇಟ್ಟುಕೊಂಡಿದ್ದು. ಅದನ್ನು ಪಂಚೆಯ ಮೇಲೆ ಗೆರೆಗೆ ಸರಿಯಾಗಿ ಹಿಡಿದ. "ನೋಡಿ, ಸ್ಕೇಲಿಗೆ ಕರೆಕ್ಟಾಗಿದೆ."

ಅಣ್ಣ ಏನೂ ಹೇಳಲಿಲ್ಲ. ನಾನು ಪಂಚೆಯ ಅಂಚು ಸರಿಸಿ ಈಚೆ ಬಂದೆ. ಅವರು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ನಿಂತಿದ್ದರು. ಬಹಳ ಹೊತ್ತು ಹಾಗೇ ನಿಂತರು. ಆಮೇಲೆ, ಬೋರ್ಡಿನ ಮುಂದೆ ನಿಂತ ಹುಡುಗನೊಬ್ಬನ ಲೆಕ್ಕ ಒಪ್ಪುವ ದನಿಯಲ್ಲಿ, "ಸ್ಕೇಲು ಬಗ್ಗಲ್ಲ. ಸ್ಕೇಲೂ ಬಗ್ಗಿದ ಹಾಗೆ ಕಾಣ್ತಿದೆ ನಂಗೆ" ಅಂದರು.

ಅಡುಗೆಮನೆಯಲ್ಲಿ ಅಮ್ಮ ಗ್ಯಾಸ್ ಆರಿಸಿದ ಸದ್ದು ಕೇಳಿಸಿತು. ಅವಳು ಬಂದು ಯಾರನ್ನೂ ಏನೂ ಕೇಳದೆ ದೇವರ ಮನೆಗೆ ಹೋಗಿ ಪಂಚಾಂಗ ತಂದಳು, ಕಾರ್ಡು ತೆಗೆದಳು. ಅದರ ಮಡಿಕೆ ಇನ್ನೂ ಹೊಸದಾಗಿಯೇ ಇತ್ತು. "ದಿನಾ ಹೂಂ ಅಂತಿದ್ರಲ್ಲ" ಅಂದಳು. "ನೋಡೋಕೆ ಹೆದರಿಕೆ ಆಗ್ತಿತ್ತು ಕಣೇ. ಒಂದು ಕಣ್ಣು ಹೋದ ಮೇಲೆ ಇನ್ನೊಂದನ್ನ ಯಾವ ಧೈರ್ಯದ ಮೇಲೆ ಪರೀಕ್ಷೆ ಮಾಡೋದು?" ಅಂದರು ಅಣ್ಣ. ನನ್ನ ನೆನಪಿನಲ್ಲಿ ಅವರು ಹೆದರಿಕೆ ಎಂಬ ಪದವನ್ನು ತಮ್ಮ ಬಗ್ಗೆ ಬಳಸಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆಯೇ ಹೊರಟೆವು. ಸ್ಕ್ಯಾನಿನಲ್ಲಿ ಮ್ಯಾಕ್ಯುಲಾದ ಅಡಿಯಲ್ಲಿ ನೀರು ಸೋರಿ ನಿಂತಿದ್ದು ಕಂಡಿತು. ಪರದೆಯ ಕೆಳಗೆ ಬೆಳೆಯಬಾರದ ರಕ್ತನಾಳಗಳು ಬೆಳೆದು ಸೋರುತ್ತವೆ, ಅದಕ್ಕೇ ಪರದೆ ಉಬ್ಬಿ ಗೆರೆಗಳು ಬಗ್ಗುತ್ತವೆ. ಸೋರಿಕೆ ನಿಲ್ಲಿಸಲು ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ, ಮೊದಲಿಗೆ ತಿಂಗಳಿಗೊಂದರಂತೆ ಮೂರು, ಆಮೇಲೆ ಸ್ಥಿತಿ ನೋಡಿಕೊಂಡು. ಹೋದದ್ದನ್ನು ಪೂರ್ತಿ ತರುವ ಭರವಸೆ ಯಾರೂ ಕೊಡಲಿಲ್ಲ. ಇರುವುದನ್ನು ಉಳಿಸಿಕೊಳ್ಳೋಣ, ಬೇಗ ಬಂದಿದ್ದೀರಿ ಎಂದರು. ಹೇಗೆ ಗೊತ್ತಾಯಿತು, ಕಾರ್ಡು ನೋಡಿದಿರಾ ಎಂದು ಡಾಕ್ಟರು ಕೇಳಿದಾಗ ಅಣ್ಣ, "ಪಂಚೆ ನೋಡಿದೆ" ಅಂದರು. ಅದನ್ನು ವಿವರಿಸಲು ನನಗೆ ಐದು ನಿಮಿಷ ಹಿಡಿಯಿತು.

ಈಗ ಪ್ರೊಜೆಕ್ಟರಿನ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಎಚ್‌ಡಿಎಂಐ ಸ್ವಿಚ್ಚಿದೆ. ಮೂರು ತಂತಿ ಒಳಗೆ, ಒಂದು ಹೊರಗೆ, ಬಟನ್ ಒತ್ತಿದರೆ ಸರದಿ ಬದಲು. ಒಂದನೆಯದು ಪುಟ್ಟ ರಜೆಗೆ ಬಂದಾಗಿನ ಕನ್ಸೋಲು, ಎರಡು ಅಮ್ಮನ ಕಡ್ಡಿ, ಮೂರು ಲ್ಯಾಪ್‌ಟಾಪು. ಎಲ್ಲ ಬಟನ್ನಿಗೂ ಮೊದಲು ಕೀಸ್ಟೋನಿನ ಚೌಕುಳಿ. ಅಣ್ಣ ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಅದನ್ನು ನೋಡುತ್ತಾರೆ, ಡಾಕ್ಟರು ಕೊಟ್ಟ ಕಾರ್ಡನ್ನೂ ನೋಡುತ್ತಾರೆ. ಅಮ್ಮ ಪಕ್ಕದಲ್ಲಿ ನಿಂತಿರುತ್ತಾಳೆ. ಆಮೇಲೆ ಪೇಪರು. ಪಂಚೆಗೆ ಅರ್ಧ ಅಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು, ಕರಿಹಲಗೆಯಂಥ ಪುಟದ ಮೇಲೆ ಬಿಳಿ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಾರೆ. ಒತ್ತು ತಪ್ಪಾಗಿ ಅಚ್ಚಾಗಿದ್ದರೆ ಪತ್ರಿಕೆಯವರನ್ನು ಬೈಯುತ್ತಾರೆ. ಹಾಗೆ ಬೈದ ದಿನ ಅಮ್ಮ ಫೋನು ಮಾಡಿ ನನಗೆ ತಿಳಿಸುತ್ತಾಳೆ.

ನಾನು ಊರಿಗೆ ಹೋದ ಭಾನುವಾರಗಳಲ್ಲಿ ಅಣ್ಣ ಮೊದಲು ಕೇಳುವುದು ಭೂತಗನ್ನಡಿಯ ಅಂಕಿ. ಮೇ ತಿಂಗಳಲ್ಲಿ ಅದು ನೂರೈವತ್ತು ಇತ್ತು. ಮಳೆಗಾಲದಲ್ಲಿ ಇನ್ನೂರು. ಇಂಜೆಕ್ಷನ್ ಆದ ಮೇಲೂ ದಸರೆಯ ಹೊತ್ತಿಗೆ ಮುನ್ನೂರಕ್ಕೆ ಏರಿತು, ಅಲ್ಲಿಂದ ಅಲ್ಲಾಡಿಲ್ಲ.

"ಎಷ್ಟಿದೆ ಇವತ್ತು?"

"ಮುನ್ನೂರು, ಅಣ್ಣ."

"ಹೋದ ಸಲ?"

"ಮುನ್ನೂರೇ."

"ಹಾಗಾದ್ರೆ ಸದ್ಯಕ್ಕೆ ಸ್ಥಿರಾಂಕ" ಎಂದು ತಲೆಯಾಡಿಸುತ್ತಾರೆ. ಮುಂದಿನ ಲೆಕ್ಕವನ್ನೂ ಅವರೇ ಮಾಡಿಟ್ಟಿದ್ದಾರೆ. ಈಗ ಸಾಲಿಗೆ ಆರು ಪದ ಹಿಡಿಯುತ್ತದೆ. ಅಂಕಿ ಆರುನೂರಾದರೆ ಸಾಲಿಗೆ ಮೂರೇ, ಸಾಲುಗಳೂ ಅರ್ಧ, ಅಂದರೆ ಪಂಚೆಯ ಮೇಲೆ ಈಗಿನ ಕಾಲು ಭಾಗ. ಒಂದು ಸುದ್ದಿಗೆ ಈಗ ಹತ್ತು ನಿಮಿಷವಾದರೆ ಆಗ ನಲವತ್ತು. ಮೊನ್ನೆ ಇದನ್ನೆಲ್ಲ ಬೆರಳು ಮಡಿಸಿ ಹೇಳಿ ಮುಗಿಸಿದವರು, ನಾನು ಏನು ಹೇಳಬೇಕೆಂದು ತೋಚದೆ ರಿಮೋಟು ಹಿಡಿದು ನಿಂತಿರುವಾಗ, "ರಿಟೈರ್ ಆದವನಿಗೆ ಟೈಮಿಗೇನು ಕಮ್ಮಿ? ಮುಂದಿನ ಪುಟ ಹಾಕು" ಅಂದರು.